ಎಲ್ಲರೂ ‘ಪಂಗಡ’ದವರಲ್ಲ

ಮಾನ್ಯ ಸಂಪಾದಕರೆ,

ಜನವರಿ 7 ಬಂತೆಂದರೆ ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲಿ ಮೇಣದಬತ್ತಿ ಹಿಡಿದು ನಿಂತವರ ಚಿತ್ರವೊಂದು ಕಾಣಿಸಿಕೊಳ್ಳುತ್ತದೆ. ಅಡಿಯಲ್ಲಿ ‘ಸಂಪ್ರದಾಯಸ್ಥ ಕ್ರೈಸ್ತರಿಂದ ಕ್ರಿಸ್‌ಮಸ್ ಆಚರಣೆ’ ಎಂಬ ಸಾಲು. ಇರುವುದು ನಾಲ್ಕೇ ಪದ, ಮೊದಲನೆಯದೇ ತಪ್ಪು. ಏಜೆನ್ಸಿಯ ಇಂಗ್ಲಿಷ್ ಕಾಪಿಯಲ್ಲಿದ್ದ ‘ಆರ್ಥೊಡಾಕ್ಸ್’ ಎಂಬುದನ್ನು ವಿಶೇಷಣವೆಂದು ತಿಳಿದು ಅನುವಾದ ಮಾಡಿಬಿಟ್ಟಿದ್ದಾರೆ. ಅಲ್ಲಿ ಅದು ಅಂಕಿತನಾಮ. ಆರ್ಥೊಡಾಕ್ಸ್ ಸಭೆಯಲ್ಲಿ ಮಡಿವಂತರೂ ಇದ್ದಾರೆ, ಉದಾರವಾದಿಗಳೂ ಇದ್ದಾರೆ. ಹಾಗೆಯೇ ಸಂಪ್ರದಾಯಸ್ಥರು ಪ್ರೊಟೆಸ್ಟೆಂಟರಲ್ಲೂ ಬೇಕಾದಷ್ಟು ಸಿಗುತ್ತಾರೆ. ‘ಸಂಪ್ರದಾಯಸ್ಥ’ ಎಂದು ಓದಿದವರು ಚಿತ್ರದಲ್ಲಿರುವುದು ಹಳೆಯ ಕಾಲದ ಕಟ್ಟಾ ಜನ ಅಂದುಕೊಳ್ಳುತ್ತಾರೆಯೇ ಹೊರತು, ಇದು ಕ್ರೈಸ್ತಧರ್ಮದ ಮೂರು ದೊಡ್ಡ ಕವಲುಗಳಲ್ಲಿ ಒಂದರ ಹೆಸರು ಎಂದು ತಿಳಿಯುವುದಿಲ್ಲ.

ಈ ತಪ್ಪು ಅಜಾಗ್ರತೆಯಿಂದಷ್ಟೇ ಆಗುವುದಲ್ಲ, ಲಿಪಿಯ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸದ ಭಾರವನ್ನೆಲ್ಲ ಹೊತ್ತಿರುವುದು ಒಂದು ದೊಡ್ಡಕ್ಷರ. ಮೊದಲ ಅಕ್ಷರ ದೊಡ್ಡದಿದ್ದರೆ ಆರ್ಥೊಡಾಕ್ಸ್ ಎಂಬುದು ಸಭೆಯ ಹೆಸರು, ಚಿಕ್ಕದಿದ್ದರೆ ಸಂಪ್ರದಾಯನಿಷ್ಠ ಎಂಬ ಅರ್ಥ. ‘ಕ್ಯಾಥೊಲಿಕ್’ ದೊಡ್ಡಕ್ಷರದಲ್ಲಿ ಬಂದರೆ ರೋಮಿನ ಪೋಪ್ ಅವರನ್ನು ಒಪ್ಪುವ ಸಭೆ, ಚಿಕ್ಕಕ್ಷರದಲ್ಲಿ ‘ಸಾರ್ವತ್ರಿಕ’. ಕ್ರೈಸ್ತ ನಂಬಿಕೆಯ ಸಾರ ಹೇಳುವ ನೈಸೀಯ ವಿಶ್ವಾಸಪ್ರಮಾಣವನ್ನು ಪಠಿಸುವ ಆಂಗ್ಲಿಕನ್ನರು ಪ್ರತಿ ಬಾರಿಯೂ ‘ಕ್ಯಾಥೊಲಿಕ್ ಸಭೆಯನ್ನು ನಂಬುತ್ತೇನೆ’ ಅನ್ನುತ್ತಾರೆ. ಹಾಗೆಂದು ಅವರು ರೋಮಿಗೆ ಸೇರಿದವರಲ್ಲ. ‘ರಿಫಾರ್ಮ್ಡ್’ ಚಿಕ್ಕಕ್ಷರದಲ್ಲಿ ಸುಧಾರಿತ. ದೊಡ್ಡಕ್ಷರದಲ್ಲಿ 16ನೆಯ ಶತಮಾನದ ಸುಧಾರಕರಾದ ಜ್ವಿಂಗ್ಲಿ, ಕ್ಯಾಲ್ವಿನ್ ಅವರಿಂದ ಬಂದ ಸಭೆಗಳ ಗುಂಪು. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲ, ಅದರ ಅಗತ್ಯವೂ ನಮಗೆ ಬಿದ್ದಿಲ್ಲ. ಆದರೆ ಅಲ್ಲಿ ಕಣ್ಣಿಗೆ ಕಾಣುತ್ತಿದ್ದ ಗುರುತು ಇಲ್ಲಿಗೆ ಬರುವಷ್ಟರಲ್ಲಿ ದಾರಿಯಲ್ಲೇ ಉದುರಿರುತ್ತದೆ. ಇಂಗ್ಲಿಷ್ ತಲೆಬರಹಗಳಲ್ಲಿ ಸಾಮಾನ್ಯವಾಗಿ ಪ್ರತಿ ಪದವೂ ದೊಡ್ಡಕ್ಷರದಿಂದಲೇ ಶುರುವಾಗುವುದರಿಂದ ಅಲ್ಲಂತೂ ಮೂಲದಲ್ಲೇ ಸುಳಿವು ಸಿಗದು. ಹಾಗಾಗಿ ತಲೆಬರಹ ಬಿಟ್ಟು ಸುದ್ದಿಯ ಒಡಲಿನಲ್ಲಿ ಆ ಪದ ಹೇಗೆ ಬಂದಿದೆ ಎಂದು ನೋಡಬೇಕು. ದೊಡ್ಡಕ್ಷರವಿದ್ದರೆ ಲಿಪ್ಯಂತರ, ಚಿಕ್ಕಕ್ಷರವಿದ್ದರೆ ಅನುವಾದ. ಈ ಒಂದು ಕಟ್ಟಳೆಯೇ ಅರ್ಧಕ್ಕರ್ಧ ತಪ್ಪುಗಳನ್ನು ತಡೆಯುತ್ತದೆ.

ಕಟ್ಟಳೆಗೆ ಒಂದು ಹೊರತು ಇದೆ. ಆ ಸಮುದಾಯವೇ ಕನ್ನಡದಲ್ಲಿ ತನಗೊಂದು ಹೆಸರು ಇಟ್ಟುಕೊಂಡು ಬಳಸುತ್ತಿದ್ದರೆ ಅದೇ ಅಂತಿಮ. ‘ಯೆಹೋವನ ಸಾಕ್ಷಿಗಳು’ ಎಂಬುದು ಅವರೇ ಇಟ್ಟುಕೊಂಡ ಹೆಸರು. ಅದನ್ನು ಮತ್ತೆ ‘ಜೆಹೋವಾಸ್ ವಿಟ್ನೆಸಸ್’ ಎಂದು ಹಿಂದಕ್ಕೆ ತಿರುಗಿಸಬೇಕಿಲ್ಲ. ಅವರು ಸೇರುವ ಜಾಗವನ್ನು ‘ಚರ್ಚ್’ ಎಂದೂ ಬರೆಯಬಾರದು, ಅದಕ್ಕೆ ಅವರ ಹೆಸರು ‘ರಾಜ್ಯ ಸಭಾಗೃಹ’. ಹಾಗೆಯೇ ಜೆಸ್ಯೂಟರ ಸಂಸ್ಥೆಗೆ ‘ಯೇಸುಸಭೆ’ ಎಂಬ ಹೆಸರು ಕನ್ನಡ ಕ್ಯಾಥೊಲಿಕರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಜನವರಿ 7ಕ್ಕೆ ಮರಳೋಣ. ಅಲ್ಲಿ ಇನ್ನೂ ಎರಡು ತಪ್ಪುಗಳು ಅಡಗಿವೆ. ‘ಆರ್ಥೊಡಾಕ್ಸ್ ಕ್ರೈಸ್ತರು ಜನವರಿ 7ರಂದು ಕ್ರಿಸ್‌ಮಸ್ ಆಚರಿಸುತ್ತಾರೆ’ ಎಂದು ಸಾರಾಸಗಟಾಗಿ ಬರೆಯುವುದು ಮೊದಲನೆಯದು. ರಷ್ಯ, ಸರ್ಬಿಯ, ಜಾರ್ಜಿಯ ಮತ್ತು ಜೆರುಸಲೇಮಿನ ಆರ್ಥೊಡಾಕ್ಸ್ ಸಭೆಗಳು ಹಬ್ಬಗಳಿಗೆ ಹಳೆಯ ಜೂಲಿಯನ್ ಪಂಚಾಂಗವನ್ನು ಉಳಿಸಿಕೊಂಡಿವೆ. ಅದು ಈಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿದೆ. ಅಲ್ಲಿ ಡಿಸೆಂಬರ್ 25 ಆದಾಗ ಇಲ್ಲಿ ಜನವರಿ 7. ಅವರ ಲೆಕ್ಕದಲ್ಲೂ ಹಬ್ಬ ಡಿಸೆಂಬರ್ 25ರಂದೇ! ಜೂಲಿಯನ್ ಲೆಕ್ಕದಲ್ಲಿ 2100 ಅಧಿಕ ವರ್ಷ, ನಮ್ಮ ಲೆಕ್ಕದಲ್ಲಿ ಅಲ್ಲ. ಆಗ ಅಂತರ 14 ದಿನವಾಗಿ ಹಬ್ಬ 2101ರ ಜನವರಿ 8ಕ್ಕೆ ಸರಿಯುತ್ತದೆ. ಗ್ರೀಸ್, ರುಮೇನಿಯ, ಬಲ್ಗೇರಿಯಗಳ ಆರ್ಥೊಡಾಕ್ಸ್ ಸಭೆಗಳಾದರೋ ಪರಿಷ್ಕೃತ ಪಂಚಾಂಗದಂತೆ ಎಲ್ಲರೊಡನೆ ಡಿಸೆಂಬರ್ 25ರಂದೇ ಹಬ್ಬ ಮಾಡುತ್ತವೆ. 2019ರಲ್ಲಿ ಸ್ವತಂತ್ರ ಮಾನ್ಯತೆ ಪಡೆದ ಉಕ್ರೇನಿನ ಆರ್ಥೊಡಾಕ್ಸ್ ಸಭೆಯೂ 2023ರಲ್ಲಿ ಇತ್ತ ಬಂತು.

ಎರಡನೆಯ ತಪ್ಪು ಇನ್ನೂ ಆಳದ್ದು. ಅದೇ ಜನವರಿ 7ರಂದು ಈಜಿಪ್ಟಿನ ಕಾಪ್ಟಿಕ್ ಆರ್ಥೊಡಾಕ್ಸ್ ಸಭೆಯವರೂ ಹಬ್ಬ ಮಾಡುತ್ತಾರೆ. ಹೆಸರು ಒಂದೇ, ಹಬ್ಬದ ದಿನವೂ ಒಂದೇ ಎಂದ ಮೇಲೆ ಒಂದೇ ಮನೆಯವರು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕಾಪ್ಟಿಕ್, ಅರ್ಮೇನಿಯನ್, ಸಿರಿಯಕ್, ಇಥಿಯೋಪಿಯನ್ ಸಭೆಗಳು, ಕ್ರಿಸ್ತನಲ್ಲಿ ದೈವ, ಮಾನವ ಎಂಬ ಎರಡು ಸ್ವಭಾವಗಳಿವೆ ಎಂಬ 451ರ ಕ್ಯಾಲ್ಸೆಡನ್ ಮಹಾಸಭೆಯ ತೀರ್ಮಾನವನ್ನು ಒಪ್ಪದೆ ಬೇರೆಯಾದವು. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದದ್ದು ಅದಾಗಿ ಆರು ಶತಮಾನಗಳ ಮೇಲೆ. ಇಂಗ್ಲಿಷಿನಲ್ಲಿ ಒಂದು ಗುಂಪಿಗೆ ‘ಈಸ್ಟರ್ನ್’, ಇನ್ನೊಂದಕ್ಕೆ ‘ಓರಿಯೆಂಟಲ್’ ಎಂದು ಹೇಳಿ ಹೇಗೋ ನಿಭಾಯಿಸುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ಪೂರ್ವ’, ‘ಪೌರಸ್ತ್ಯ’ ಎಂದರೆ ಅಲ್ಲಿಗೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಮೊದಲನೆಯದನ್ನು ‘ಪೂರ್ವ ಆರ್ಥೊಡಾಕ್ಸ್’ ಎಂದೂ ಎರಡನೆಯದನ್ನು ‘ಓರಿಯೆಂಟಲ್ ಆರ್ಥೊಡಾಕ್ಸ್’ ಎಂದೂ ಬರೆಯಬಹುದು. ಅದಕ್ಕಿಂತ ಒಳ್ಳೆಯದು ನೇರವಾಗಿ ‘ಕಾಪ್ಟಿಕ್ ಸಭೆ’, ‘ರಷ್ಯದ ಆರ್ಥೊಡಾಕ್ಸ್ ಸಭೆ’ ಎಂದು ಹೆಸರು ಹಿಡಿದು ಹೇಳುವುದು. ಕ್ಯಾಲ್ಸೆಡನ್ ಒಪ್ಪದವರನ್ನು ಹಳೆಯ ಗ್ರಂಥಗಳು ‘ಏಕಸ್ವಭಾವವಾದಿಗಳು’ ಎಂದು ಕರೆಯುತ್ತವೆ. ಅದು ಎದುರಾಳಿಗಳು ಅಂಟಿಸಿದ ಚೀಟಿ. ಕ್ರಿಸ್ತನಲ್ಲಿ ದೈವಸ್ವಭಾವ, ಮಾನವಸ್ವಭಾವ ಎರಡೂ ಬೆರಕೆಯಾಗದೆ, ಬೇರೆಯೂ ಆಗದೆ ಒಂದಾಗಿವೆ ಎಂಬುದು ಅವರ ನಿಲುವು. ಒಂದು ಸ್ವಭಾವ ಇನ್ನೊಂದನ್ನು ನುಂಗಿತು ಎಂದು ಅವರು ಹೇಳುವುದಿಲ್ಲ. ‘ಸಂಯುಕ್ತ ಸ್ವಭಾವ’ ಎಂಬುದು ಅವರ ಮಾತಿಗೆ ಹತ್ತಿರ.

ಇನ್ನು ‘ಪಂಗಡ’ದ ವಿಚಾರ. ನಮ್ಮ ಪತ್ರಿಕೆಗಳಲ್ಲಿ ಇದು ಎಲ್ಲ ಬೀಗಕ್ಕೂ ಹಾಕಿ ನೋಡುವ ಕೀಲಿಕೈ ಆಗಿದೆ. ಜೆಸ್ಯೂಟ್ ಪಂಗಡ, ಲೂಥರನ್ ಪಂಗಡ, ಪೆಂಟೆಕೋಸ್ಟಲ್ ಪಂಗಡ, ಕರಿಸ್ಮ್ಯಾಟಿಕ್ ಪಂಗಡ, ಸಿರೋ-ಮಲಬಾರ್ ಪಂಗಡ. ಈ ಐದೂ ಒಂದೇ ಜಾತಿಯ ವಸ್ತುಗಳಲ್ಲ. ಯಾವುದು ಏನೆಂದು ತಿಳಿಯಲು ದೇವಶಾಸ್ತ್ರ ಓದಬೇಕಿಲ್ಲ, ಒಂದು ಪ್ರಶ್ನೆ ಸಾಕು: ಅದನ್ನು ಬಿಟ್ಟು ಬಂದವರು ಏನಾಗಿ ಉಳಿಯುತ್ತಾರೆ?

ಯೇಸುಸಭೆಯಿಂದ ಹೊರಬಂದವರು ಕ್ಯಾಥೊಲಿಕರಾಗಿಯೇ ಉಳಿಯುತ್ತಾರೆ. ಆದ್ದರಿಂದ ಅದು ಪಂಗಡವಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರ ಸಂನ್ಯಾಸಿ ಸಭೆ. ಫ್ರಾನ್ಸಿಸ್ಕನ್, ಡೊಮಿನಿಕನ್, ಕಾರ್ಮೆಲೈಟ್, ಕಪುಚಿನ್ ಎಲ್ಲವೂ ಹಾಗೆಯೇ. ‘ಜೆಸ್ಯೂಟ್ ಪಂಗಡಕ್ಕೆ ಸೇರಿದ ಪೋಪ್ ಫ್ರಾನ್ಸಿಸ್’ ಎಂದು ಬರೆಯುವುದು, ರೆಜಿಮೆಂಟಿನ ಹೆಸರನ್ನು ದೇಶದ ಹೆಸರೆಂದು ತಿಳಿದಂತೆ. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೆಯ ಲಿಯೊ ಅವರು ಅಗಸ್ಟೀನಿಯನ್ ಸಭೆಯವರು. ಹಾಗೆಂದು ಕ್ಯಾಥೊಲಿಕ್ ಸಭೆಯ ಅಧಿಕಾರ ಒಂದು ಪಂಗಡದಿಂದ ಇನ್ನೊಂದು ಪಂಗಡಕ್ಕೆ ಹೋಯಿತೆಂದು ಅರ್ಥವಲ್ಲ.

ಕರಿಸ್ಮ್ಯಾಟಿಕ್ ಕೂಟ ಬಿಟ್ಟ ಆಂಗ್ಲಿಕನ್ ಆಂಗ್ಲಿಕನ್ನಾಗಿ ಉಳಿಯುತ್ತಾರೆ, ಕ್ಯಾಥೊಲಿಕ್ ಕ್ಯಾಥೊಲಿಕ್ಕಾಗಿ. ಹಾಗಾದರೆ ಅದು ಚಳವಳಿ ಅಥವಾ ನವೀಕರಣ: ಹಲವು ಸಭೆಗಳ ಒಳಗೆ ಅಡ್ಡಲಾಗಿ ಹರಿಯುವ ಪ್ರವಾಹ. ಪೆಂಟೆಕೋಸ್ಟಲ್ ಹಾಗಲ್ಲ. 1906ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ನಡೆಸಿದ ಪ್ರಾರ್ಥನಾಕೂಟಗಳಿಂದ ಹಬ್ಬಿದ ಆ ಎಚ್ಚರ ತನ್ನದೇ ಸಭೆಗಳನ್ನು ಕಟ್ಟಿಕೊಂಡಿತು. ಅನ್ಯಭಾಷೆಗಳಲ್ಲಿ ಮಾತಾಡುವುದು, ಪ್ರಾರ್ಥನೆಯಿಂದ ವಾಸಿಯಾಗುವುದು ಎರಡು ಕಡೆಯೂ ಇರುವುದರಿಂದ ವರದಿಗಳಲ್ಲಿ ಇವು ಅದಲುಬದಲಾಗುತ್ತವೆ. ಹಳೆಯ ಸಭೆಗಳ ಒಳಗೇ ಉಳಿದದ್ದು ಕರಿಸ್ಮ್ಯಾಟಿಕ್: ಅದು 1960ರ ಸುಮಾರಿನಿಂದ ಪ್ರೊಟೆಸ್ಟೆಂಟ್ ಸಭೆಗಳಲ್ಲೂ 1967ರಿಂದ ಕ್ಯಾಥೊಲಿಕ್ ಸಭೆಯಲ್ಲೂ ಕಾಣಿಸಿಕೊಂಡಿತು. ಹೊರಗೆ ಹೊಸ ಮನೆ ಕಟ್ಟಿದ್ದು ಪೆಂಟೆಕೋಸ್ಟಲ್. ಇಷ್ಟು ನೆನಪಿಟ್ಟರೆ ಸಾಕು.

ಸಿರೋ-ಮಲಬಾರ್ ಎಂಬುದು ಪೋಪ್ ಅವರ ಒಡನಾಟದಲ್ಲಿರುವ, ತನ್ನದೇ ಆರಾಧನಾವಿಧಿ ಮತ್ತು ಆಡಳಿತವುಳ್ಳ ಸ್ವಯಮಾಡಳಿತದ ಸಭೆ. ಇಂಥ 23 ಪೂರ್ವ ಸಭೆಗಳೂ ಲ್ಯಾಟಿನ್ ಸಭೆಯೂ ಸೇರಿ ಕ್ಯಾಥೊಲಿಕ್ ಸಭೆ. ಇವುಗಳಲ್ಲಿ ‘ವಿಧಿ’ ಮತ್ತು ‘ಸಭೆ’ಯನ್ನು ಬೇರೆಯಾಗಿ ನೋಡಬೇಕು: ಉಕ್ರೇನಿನ ಗ್ರೀಕ್ ಕ್ಯಾಥೊಲಿಕರ ವಿಧಿ ಬೈಜಾಂಟೈನ್, ಅಂದರೆ ಆರ್ಥೊಡಾಕ್ಸರದ್ದೇ, ನಿಷ್ಠೆ ಮಾತ್ರ ರೋಮಿಗೆ. ಇವರನ್ನು ‘ಯೂನಿಯೇಟ್’ ಎಂದು ಕರೆಯುವುದು ಅವರ ಪೂರ್ವಿಕರು ರೋಮಿನೊಡನೆ ಒಂದಾದ 1596ರ ಬ್ರೆಸ್ಟ್ ಒಪ್ಪಂದದ ಕಾಲದ ಬಳಕೆ. ಇಂದು ಅವರಿಗೆ ಅದು ನಿಂದೆಯಾಗಿ ಕೇಳಿಸುತ್ತದೆ, ಬಿಡಬೇಕು.

ಉಳಿದದ್ದು ಲೂಥರನ್. ಅದನ್ನು ಬಿಟ್ಟವರು ಲೂಥರನ್ ಅಲ್ಲ, ಆದರೂ ಕ್ರೈಸ್ತರೇ. ಇಂಥದಕ್ಕೇ ಇಂಗ್ಲಿಷಿನಲ್ಲಿ ‘ಡಿನಾಮಿನೇಶನ್’ ಎನ್ನುವುದು. ಇಲ್ಲಿ ‘ಪಂಗಡ’ ಎಂದರೆ ನಮ್ಮ ತಕರಾರಿಲ್ಲ. ‘ಸಭೆ’ ಎಂದರೆ ಇನ್ನೂ ಮೇಲು, ಅವರೇ ಬಳಸುವ ಮಾತು ಅದು. ‘ಚರ್ಚ್’ ಎಂದರೆ ಕನ್ನಡದ ಕಿವಿಗೆ ಮೊದಲು ಕಾಣುವುದು ಗಂಟೆಗೋಪುರದ ಕಟ್ಟಡ. ‘ಮೆಥಡಿಸ್ಟ್ ಚರ್ಚ್ ಒಡೆಯಿತು’ ಎಂಬ ತಲೆಬರಹ ನೋಡಿದವರು ಗೋಡೆ ಬಿತ್ತೇ ಎಂದು ಕೇಳಿದರೆ ತಪ್ಪಲ್ಲ. ಜನಸಮುದಾಯಕ್ಕೆ ಸಭೆ, ಕಟ್ಟಡಕ್ಕೆ ಚರ್ಚ್ ಅಥವಾ ದೇವಾಲಯ ಎಂದು ಹಂಚಿಕೊಂಡರೆ ಗೊಂದಲ ತಪ್ಪುತ್ತದೆ. ಕ್ಯಾಥೊಲಿಕರು ಇಡೀ ಜಗತ್ತಿನ ತಮ್ಮ ಸಮುದಾಯವನ್ನು ‘ಧರ್ಮಸಭೆ’ ಎನ್ನುತ್ತಾರೆ. ಅವರ ಬಿಷಪ್ ‘ಧರ್ಮಾಧ್ಯಕ್ಷ’, ಅವರ ವ್ಯಾಪ್ತಿ ‘ಧರ್ಮಪ್ರಾಂತ್ಯ’. ಇವನ್ನು ಪ್ರೊಟೆಸ್ಟೆಂಟರ ಸುದ್ದಿಗೆ ಎತ್ತಿ ಹಾಕಬಾರದು. ಅಲ್ಲಿ ಸಭಾಪಾಲಕರು, ಸಭಾಹಿರಿಯರು ಇರುತ್ತಾರೆ. ‘ಶುಭಸಂದೇಶ’ ಎಂದು ಬರೆದಿದ್ದರೆ ಬರೆದವರು ಬಹುಮಟ್ಟಿಗೆ ಕ್ಯಾಥೊಲಿಕರು, ‘ಸುವಾರ್ತೆ’ ಎಂದಿದ್ದರೆ ಪ್ರೊಟೆಸ್ಟೆಂಟರು. ಕನ್ನಡದಲ್ಲಿ ಈ ಗಡಿ ಇಷ್ಟು ಸ್ಪಷ್ಟವಾಗಿರುವುದು ವರದಿಗಾರರಿಗೆ ಅನುಕೂಲವೇ ಸರಿ.

ಹಲವು ಸಭೆಗಳ ಹೆಸರಿನಲ್ಲೇ ಅವುಗಳ ಆಡಳಿತ ಅಡಗಿದೆ, ಅದನ್ನು ಸಿದ್ಧಾಂತವೆಂದು ಭಾವಿಸಿ ಬಿಡಿಸಲು ಹೋಗುವುದು ವ್ಯರ್ಥ. ಎಪಿಸ್ಕೋಪಲ್ ಎಂದರೆ ಬಿಷಪ್ ಇರುವ ಸಭೆ, ಪ್ರೆಸ್ಬಿಟೀರಿಯನ್ ಎಂದರೆ ಹಿರಿಯರ ಮಂಡಳಿ ನಡೆಸುವ ಸಭೆ, ಕಾಂಗ್ರಿಗೇಶನಲ್ ಎಂದರೆ ಪ್ರತಿಯೊಂದು ಸ್ಥಳೀಯ ಸಭೆಯೂ ತನಗೆ ತಾನೇ ಒಡೆಯ.

‘ಇವ್ಯಾಂಜೆಲಿಕಲ್’ ಮಾತ್ರ ಸುಲಭಕ್ಕೆ ಬಗ್ಗುವ ಪದವಲ್ಲ. ಇಂಗ್ಲಿಷಿನಲ್ಲಿ ಅದು ಚಳವಳಿ: ವೈಯಕ್ತಿಕ ಪರಿವರ್ತನೆ, ಬೈಬಲಿನ ಪ್ರಮಾಣ, ಶಿಲುಬೆಯ ಮರಣ, ಪ್ರಚಾರದ ಹುರುಪು, ಈ ನಾಲ್ಕಕ್ಕೆ ಒತ್ತು ಕೊಡುವವರು. ಜರ್ಮನ್ ಭಾಷೆಯ ‘ಇವಾಂಗೆಲಿಷ್’ ಅದಲ್ಲ. ಅಲ್ಲಿ ಅದರ ಅರ್ಥ ಬರೀ ಪ್ರೊಟೆಸ್ಟೆಂಟ್. ಜರ್ಮನಿಯ ಇವಾಂಗೆಲಿಷ್ ಸಭೆ ಎಂಬುದು ಲೂಥರನ್, ರಿಫಾರ್ಮ್ಡ್ ಮತ್ತು ಎರಡೂ ಸೇರಿದ ಸಂಯುಕ್ತ ಸಭೆಗಳ ಒಕ್ಕೂಟ. ಅದರ ನಿಲುವುಗಳು ಅಮೆರಿಕದ ಇವ್ಯಾಂಜೆಲಿಕಲರಿಗೆ ಹಲವೊಮ್ಮೆ ಪೂರ್ತಿ ವಿರುದ್ಧ. ಜರ್ಮನ್ನರೇ ಈ ಗೋಜಲು ಬಿಡಿಸಲು ಅಮೆರಿಕದ ಬಗೆಯವರಿಗೆ ‘ಇವಾಂಗೆಲಿಕಾಲ್’ ಎಂಬ ಇನ್ನೊಂದು ಪದ ಮಾಡಿಕೊಂಡರು. ಕನ್ನಡದಲ್ಲಿ ಜರ್ಮನಿಯ ಸುದ್ದಿ ಬಂದಾಗ ‘ಪ್ರೊಟೆಸ್ಟೆಂಟ್ ಸಭೆ’ ಎಂದು ಬರೆಯುವುದೇ ಸರಿ. ಇನ್ನು ‘ಇವ್ಯಾಂಜೆಲಿಸ್ಟ್’ ಮೂರನೆಯ ಮಾತು: ಸುವಾರ್ತಿಕ, ಪ್ರಚಾರಕ. ಅದು ವೃತ್ತಿ, ಇವ್ಯಾಂಜೆಲಿಕಲ್ ಆದವರೆಲ್ಲ ಇವ್ಯಾಂಜೆಲಿಸ್ಟ್ ಆಗಿರುವುದಿಲ್ಲ.

ಹೆಸರು ಇಟ್ಟವರು ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಈ ಶಬ್ದಕೋಶದ ದೊಡ್ಡ ಪಾಲು ಶತ್ರುಗಳು ಕೊಟ್ಟ ಅಡ್ಡಹೆಸರು. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ವೆಸ್ಲಿ ಸಹೋದರರೂ ಗೆಳೆಯರೂ ಗಂಟೆ ಹೊಡೆದಂತೆ ಓದು, ಪ್ರಾರ್ಥನೆ, ಉಪವಾಸ ಮಾಡುವುದನ್ನು ಕಂಡು ಸಹಪಾಠಿಗಳು ಗೇಲಿ ಮಾಡಿದ ಮಾತು ‘ಮೆಥಡಿಸ್ಟ್’. ಜಾನ್ ವೆಸ್ಲಿ 1791ರಲ್ಲಿ ಸಾಯುವವರೆಗೂ ಆಂಗ್ಲಿಕನ್ ಗುರುವಾಗಿಯೇ ಇದ್ದರು. ‘ದೇವರ ಮಾತಿಗೆ ನಡುಗಿರಿ’ ಎಂದ ಜಾರ್ಜ್ ಫಾಕ್ಸ್‌ಗೆ 1650ರಲ್ಲಿ ನ್ಯಾಯಾಧೀಶನೊಬ್ಬ ಅಣಕವಾಗಿ ಹೇಳಿದ್ದು ‘ಕ್ವೇಕರ್’, ಅಂದರೆ ನಡುಗುವವನು. ಫಾಕ್ಸ್ ಅನುಯಾಯಿಗಳು ತಮ್ಮನ್ನು ಕರೆದುಕೊಳ್ಳುವುದು ‘ಸ್ನೇಹಿತರ ಸಮಾಜ’ ಎಂದು. ಕ್ವೇಕರ್ ಎಂದರೂ ಈಗ ಬೇಸರಪಡುವುದಿಲ್ಲ. ಲೂಥರ್ 1522ರಲ್ಲೇ, ನನ್ನ ಹೆಸರಿನಿಂದ ಕರೆದುಕೊಳ್ಳಬೇಡಿ, ಕ್ರೈಸ್ತರು ಎನ್ನಿ ಎಂದು ಕೇಳಿಕೊಂಡಿದ್ದರು, ಯಾರೂ ಕೇಳಲಿಲ್ಲ. ಕ್ರೈಸ್ತಧರ್ಮದಾಚೆಯೂ ಇದೇ ಕಥೆ. ‘ಹೀನಯಾನ’ ಎಂದು ತನ್ನನ್ನು ಕರೆದುಕೊಂಡ ಬೌದ್ಧ ಸಂಪ್ರದಾಯ ಒಂದೂ ಇಲ್ಲ, ಆದರೂ ನಮ್ಮ ಪಠ್ಯಗಳಲ್ಲಿ ಆ ಪದ ಸಲೀಸಾಗಿ ಓಡಾಡಿಕೊಂಡಿದೆ.

ಅಡ್ಡಹೆಸರು ಒಪ್ಪಿಕೊಂಡವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನೋಡಿ ಬರೆಯಬೇಕಾದ್ದು ಇಲ್ಲಿಯೇ. ‘ಮಾರ್ಮನ್’ ಎಂಬುದನ್ನು ಆ ಸಭೆ ದೀರ್ಘಕಾಲ ಸಹಿಸಿಕೊಂಡು, ಬಳಸಿಕೊಂಡು, 2018ರಲ್ಲಿ ತನ್ನ ಅಧ್ಯಕ್ಷರ ಮೂಲಕ ಬೇಡವೆಂದಿತು. ಪೂರ್ಣ ಹೆಸರು ‘ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬರ್ಥದ್ದು. ಉದ್ದ ನಿಜ. ಮೊದಲ ಬಾರಿ ಪೂರ್ಣವಾಗಿ ಬರೆದು, ‘ಮಾರ್ಮನ್ನರೆಂದೇ ಹೆಚ್ಚು ಪರಿಚಿತರಾದ’ ಎಂದು ಒಮ್ಮೆ ಸೇರಿಸಿದರೆ ಓದುಗರಿಗೂ ತಿಳಿಯುತ್ತದೆ, ಅವರಿಗೂ ನ್ಯಾಯ ಸಲ್ಲುತ್ತದೆ. ಬಹುಪತ್ನಿತ್ವದ ಸುದ್ದಿಗಳಲ್ಲಿ ಈ ಸಭೆಯ ಹೆಸರು ಹಾಕುವ ಮುನ್ನ ಇನ್ನಷ್ಟು ಜಾಗ್ರತೆ ಬೇಕು. ಈ ಸಭೆ 1890ರಲ್ಲಿ ಆ ಪದ್ಧತಿಯನ್ನು ಕೈಬಿಡುವ ಘೋಷಣೆ ಹೊರಡಿಸಿತು. ಈಗಲೂ ಅದನ್ನು ನಡೆಸುವವರು ಸಿಡಿದುಹೋದ ಬೇರೆ ಗುಂಪುಗಳು.

‘ಅನಾಬ್ಯಾಪ್ಟಿಸ್ಟ್’ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಕನ್ನಡಿಗರಿಗೆ ಅದರಲ್ಲಿ ವಿಶೇಷವಾದ ಗುಂಡಿಯಿದೆ. ಅನಾದಿ, ಅನಾಚಾರ ಎಂದು ಕೇಳಿ ಬೆಳೆದ ನಮಗೆ ‘ಅನಾ’ ಎಂದರೆ ನಿಷೇಧ ಅನ್ನಿಸುತ್ತದೆ. ದೀಕ್ಷಾಸ್ನಾನವನ್ನು ವಿರೋಧಿಸುವವರು ಎಂದು ಅರ್ಥ ಹಚ್ಚಿಬಿಡುತ್ತೇವೆ. ಗ್ರೀಕಿನಲ್ಲಿ ಆ ‘ಅನಾ’ದ ಅರ್ಥ ‘ಮತ್ತೆ’. ಪುನಃ ದೀಕ್ಷಾಸ್ನಾನ ಮಾಡಿಸುವವರು ಎಂದು ಎದುರಾಳಿಗಳು ಇಟ್ಟ ಹೆಸರು ಅದು. ಅವರ ವಾದವೇ ಬೇರೆ: ಹಸುಗೂಸಿಗೆ ಮಾಡಿಸಿದ್ದು ದೀಕ್ಷಾಸ್ನಾನವೇ ಅಲ್ಲ, ಆದ್ದರಿಂದ ನಂಬಿಕೆ ಹುಟ್ಟಿದ ಮೇಲೆ ತೆಗೆದುಕೊಳ್ಳುವುದೇ ಮೊದಲನೆಯದು, ‘ಮತ್ತೆ’ ಎಂಬ ಪ್ರಶ್ನೆ ಎಲ್ಲಿಂದ ಬಂತು? 1525ರ ಜನವರಿ 21ರಂದು ಜೂರಿಕ್‌ನಲ್ಲಿ ಅಂಥ ಮೊದಲ ಸ್ನಾನ ನಡೆಯಿತು. ಎರಡೇ ವರ್ಷಕ್ಕೆ ಫೆಲಿಕ್ಸ್ ಮಾನ್ಜ್ ಎಂಬಾತನನ್ನು ಅದೇ ಊರಿನ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಹೆಸರಿಗೆ ಎಷ್ಟು ಬೆಲೆ ತೆರಬೇಕಾಗುತ್ತಿತ್ತೆಂದರೆ, ಹಳೆಯ ರೋಮನ್ ಕಾನೂನಿನಲ್ಲಿ ಪುನರ್‌ಸ್ನಾನಕ್ಕೆ ಮರಣದಂಡನೆ ಇತ್ತು. ‘ಪುನಃ’ ಎಂಬ ಚೀಟಿ ಅಂಟಿದರೆ ಆ ಕಾನೂನೂ ಅಂಟಿಕೊಂಡಂತೆ. 1529ರಲ್ಲಿ ಜರ್ಮನಿಯ ಸ್ಪೈಯರಿನಲ್ಲಿ ಸೇರಿದ ಸಾಮ್ರಾಜ್ಯಸಭೆ ಅದನ್ನೇ ಮತ್ತೆ ಜಾರಿಗೆ ತಂದಿತು. ವಿಚಿತ್ರವೆಂದರೆ ಅದೇ ಏಪ್ರಿಲಿನಲ್ಲಿ, ಅದೇ ಸಭೆಯಲ್ಲಿ, 6 ಜನ ಅರಸರೂ 14 ನಗರಗಳೂ ಸೇರಿ ಲೂಥರನ ಸುಧಾರಣೆಗೆ ಹಾಕಿದ ತಡೆಯ ವಿರುದ್ಧ ಸಲ್ಲಿಸಿದ ‘ಪ್ರೊಟೆಸ್ಟೇಶನ್’ನಿಂದ ‘ಪ್ರೊಟೆಸ್ಟೆಂಟ್’ ಎಂಬ ಹೆಸರು ಹುಟ್ಟಿತು. ಅದು ಬೀದಿಯ ಪ್ರತಿಭಟನೆಯಲ್ಲ, ವಿಧಿವತ್ತಾಗಿ ದಾಖಲಿಸಿದ ಆಕ್ಷೇಪ. ‘ಪ್ರತಿಭಟನಾ ಪಂಥ’ ಎಂದು ಬರೆಯುವವರು ಇದನ್ನು ಗಮನಿಸಬೇಕು. ಅನಾಬ್ಯಾಪ್ಟಿಸ್ಟರ ವಂಶದವರು ಇಂದಿನ ಮೆನೊನೈಟ್, ಆಮಿಶ್, ಹಟರೈಟ್ ಜನ. ಬ್ಯಾಪ್ಟಿಸ್ಟರು ಬೇರೆ, ಅವರ ಮೂಲ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂದಿದ್ದ ಇಂಗ್ಲಿಷರ ಒಂದು ಗುಂಪು.

ಕಿವಿಗೆ ಬೀಳುವ ಇನ್ನೊಂದು ಮೋಸ ‘ಏರಿಯನ್’. ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಗುರು ಅರಿಯಸ್, ಮಗನಾದ ಕ್ರಿಸ್ತ ತಂದೆಯಿಂದ ಸೃಷ್ಟಿಯಾದವನು, ತಂದೆಗೆ ಸಮನಲ್ಲ ಎಂದ. 325ರ ನೈಸೀಯ ಮಹಾಸಭೆ ಅದನ್ನು ತಳ್ಳಿಹಾಕಿತು. ಆ ವಾದಕ್ಕೆ ಇಂಗ್ಲಿಷಿನಲ್ಲಿ ‘ಏರಿಯನಿಸಂ’. ಕನ್ನಡದಲ್ಲಿ ‘ಆರ್ಯನ್ ಪಂಥ’, ‘ಆರ್ಯವಾದ’ ಎಂದು ಅಚ್ಚಾದರೆ ಓದುಗರ ತಲೆ ಎಲ್ಲಿಗೋ ಓಡುತ್ತದೆ. ಜನಾಂಗಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ‘ಅರಿಯಸ್‌ನ ವಾದ’ ಎಂದು ವ್ಯಕ್ತಿಯ ಹೆಸರನ್ನು ಕಾಣುವಂತೆ ಇಟ್ಟರೆ ಮುಗಿಯಿತು. ಆ ವಿವಾದದ ಮುಂದಿನ ಘಟ್ಟದಲ್ಲಿ ಎರಡು ಗ್ರೀಕ್ ಪದಗಳ ನಡುವೆ ಇದ್ದದ್ದು ‘ಅಯೋಟ’ ಎಂಬ ಒಂದು ಅಕ್ಷರದ ಅಂತರ: ಒಂದರ ಅರ್ಥ ‘ಅದೇ ಸತ್ತ್ವ’, ಇನ್ನೊಂದರದು ‘ಅಂಥದೇ ಸತ್ತ್ವ’. ಕನ್ನಡದಲ್ಲೂ ಆ ಅಂತರವನ್ನು ಎಷ್ಟು ಸಣ್ಣ ಜಾಗದಲ್ಲಿ ಉಳಿಸಿಕೊಳ್ಳಬಹುದು ನೋಡಿ!

‘ಹೆರೆಸಿ’ಗೆ ನಮ್ಮಲ್ಲಿ ‘ಪಾಷಂಡಮತ’, ‘ಧರ್ಮದ್ರೋಹ’ ಎಂಬ ಭಾರಿ ಪದಗಳಿವೆ. ಗ್ರೀಕಿನ ‘ಹೈರೆಸಿಸ್’ ಎಂದರೆ ಮೊದಲಿಗೆ ಆಯ್ಕೆ, ಆಮೇಲೆ ಒಂದು ವಿಚಾರ ಆರಿಸಿಕೊಂಡವರ ಗುಂಪು. ಅಪೊಸ್ತಲರ ಕೃತ್ಯಗಳಲ್ಲಿ ಸದ್ದುಕಾಯರಿಗೂ ಫರಿಸಾಯರಿಗೂ ಅದೇ ಪದ ಬಳಕೆಯಾಗಿದೆ, ಬೈಗುಳವಾಗಿ ಅಲ್ಲ. ನಮ್ಮ ‘ಪಾಷಂಡ’ದ್ದೂ ಅದೇ ಜಾತಕ: ಅಶೋಕನ 12ನೆಯ ಬಂಡೆಶಾಸನದಲ್ಲಿ ‘ಪಾಸಂಡ’ ಎಂದರೆ ಯಾವುದೇ ಮತಸಮುದಾಯ, ಎಲ್ಲವನ್ನೂ ಗೌರವಿಸಬೇಕೆಂದೇ ಅಲ್ಲಿ ಹೇಳಿದೆ; ಆಮೇಲಿನ ಗ್ರಂಥಗಳಲ್ಲಿ ಅದು ಢೋಂಗಿ, ವೇದಬಾಹ್ಯ ಎಂಬ ನಿಂದೆಯಾಯಿತು. ಎರಡು ಪದಗಳೂ ಇಳಿದದ್ದು ಒಂದೇ ಮೆಟ್ಟಿಲಲ್ಲಿ. ಹಾಗಾಗಿ ಪತ್ರಿಕೆ ತನ್ನ ಬಾಯಿಂದ ಯಾರನ್ನೂ ಪಾಷಂಡರು ಎನ್ನಬಾರದು. ‘ಕಾನ್‌ಸ್ಟನ್ಸ್ ಮಹಾಸಭೆ ಯಾನ್ ಹುಸ್‌ನನ್ನು ಪಾಷಂಡಿಯೆಂದು ಘೋಷಿಸಿತು, 1415ರ ಜುಲೈ 6ರಂದು ಆತನನ್ನು ಸುಡಲಾಯಿತು’ ಎಂದು, ಹೇಳಿದವರು ಯಾರೆಂದು ಸೇರಿಸಿಯೇ ಬರೆಯಬೇಕು. ಉಳಿದ ಕಡೆ ‘ಭಿನ್ನಮತ’ ಸಾಕು.

‘ಸ್ಕಿಸಂ’ ಅದಲ್ಲ, ಅದು ಒಡಕು. ಸಿದ್ಧಾಂತ ಒಂದೇ ಇದ್ದರೂ ಅಧಿಕಾರ ಒಪ್ಪದೆ ಒಡಕಾಗಬಹುದು. ಉತ್ತರ ಆಫ್ರಿಕದ ಡೊನಾಟಿಸ್ಟರ ಜಗಳ ಶುರುವಾದದ್ದು, ಚಕ್ರವರ್ತಿ ಡಯೊಕ್ಲೀಶಿಯನ್ನನ ದಮನದ ದಿನಗಳಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟವರಿಂದ ದೀಕ್ಷೆ ಪಡೆದ ಬಿಷಪ್ಪನನ್ನು ಒಪ್ಪಬೇಕೇ ಎಂಬುದರ ಮೇಲೆ. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದದ್ದೂ ಒಡಕೇ. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ: 1965ರ ಡಿಸೆಂಬರ್ 7ರಂದು ಪೋಪ್ 6ನೆಯ ಪಾಲ್ ಮತ್ತು ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ ಅಥೆನಗೊರಸ್ ಅವರು ‘ಒಡಕನ್ನು ಕೊನೆಗಾಣಿಸಿದರು’ ಎಂದು ಬರೆಯುತ್ತಾರೆ. ಅವರು ಹಿಂತೆಗೆದುಕೊಂಡದ್ದು 1054ರ ಪರಸ್ಪರ ಬಹಿಷ್ಕಾರಗಳನ್ನು. ಒಡಕು ಇನ್ನೂ ಇದೆ.

‘ಕಲ್ಟ್’ಗೆ ಬರುವಾಗ ನಿಧಾನಿಸಬೇಕು. ಇಂಗ್ಲಿಷಿನಲ್ಲೇ ಅದಕ್ಕೆ ಎರಡು ಮುಖ. ಕಲಾ ಇತಿಹಾಸದ ಲೇಖನದಲ್ಲಿ ‘ಕನ್ಯಾಮರಿಯಳ ಕಲ್ಟ್’ ಎಂದಿದ್ದರೆ ಅದು ಪಂಥವಲ್ಲ, ಭಕ್ತಿ. ಅದನ್ನು ‘ಮರಿಯಾರಾಧನೆ’ ಎನ್ನುವುದೂ ಸರಿಯಲ್ಲ: ಕ್ಯಾಥೊಲಿಕ್ ಬೋಧನೆಯಲ್ಲಿ ಆರಾಧನೆ ದೇವರೊಬ್ಬನಿಗೇ ಮೀಸಲು, ಸಂತರಿಗೆ ಸಲ್ಲುವುದು ಗೌರವ, ಮರಿಯಳಿಗೆ ವಿಶೇಷ ಗೌರವ. ಈ ಮೂರಕ್ಕೂ ಅಲ್ಲಿ ಮೂರು ಪದಗಳಿವೆ. ‘ಮರಿಯಭಕ್ತಿ’ ಎಂದರೆ ಯಾರಿಗೂ ನೋವಿಲ್ಲ. ಇನ್ನೊಂದು ಮುಖ, ಒಬ್ಬ ನಾಯಕನ ಮುಷ್ಟಿಯಲ್ಲಿರುವ ಅಪಾಯಕಾರಿ ಗುಂಪು ಎಂಬ ಅರ್ಥ. ವಿದ್ವಾಂಸರು ಈ ತೀರ್ಪು ಬೆರೆತ ಪದವನ್ನು ಬಿಟ್ಟು ‘ಹೊಸ ಧಾರ್ಮಿಕ ಚಳವಳಿ’ ಎನ್ನುತ್ತಾರೆ. ಪತ್ರಿಕೆಗೆ ಅದು ಸಪ್ಪೆಯಾದರೆ ಮಾಡಿದ ಕೃತ್ಯವನ್ನೇ ಬರೆಯಿರಿ: 1978ರ ನವೆಂಬರ್ 18ರಂದು ಗಯಾನದ ಜೋನ್ಸ್‌ಟೌನಿನಲ್ಲಿ ಜಿಮ್ ಜೋನ್ಸ್ ಎಂಬ ನಾಯಕನ ಅನುಯಾಯಿಗಳ ಸಾಮೂಹಿಕ ಸಾವಿನಲ್ಲಿ ಬಲಿಯಾದವರ ಸಂಖ್ಯೆ 900ಕ್ಕೂ ಹೆಚ್ಚು. ಆ ಸಂಖ್ಯೆಯ ಮುಂದೆ ‘ಕರಾಳ ಪಂಥ’ ಎಂಬ ವಿಶೇಷಣ ಏನನ್ನೂ ಸೇರಿಸುವುದಿಲ್ಲ. ಮೂಲ ಸಭೆಯನ್ನೂ ಸಿಡಿದ ಗುಂಪನ್ನೂ ಕಲಸಬಾರದು. 1993ರಲ್ಲಿ ಟೆಕ್ಸಾಸಿನ ವೇಕೊ ಬಳಿ 51 ದಿನಗಳ ಮುತ್ತಿಗೆಯಲ್ಲಿ ಸುಟ್ಟುಹೋದ ಬ್ರಾಂಚ್ ಡೇವಿಡಿಯನ್ನರ ಮೂಲಗುಂಪು ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಯಿಂದ ದಶಕಗಳ ಹಿಂದೆಯೇ ಸಿಡಿದದ್ದು. 1863ರಿಂದ ಇರುವ ಆ ಸಭೆಯ ಹೆಸರನ್ನು ತಲೆಬರಹದಲ್ಲಿ ಎಳೆದರೆ ಅದಕ್ಕೆ ಅನ್ಯಾಯ.

ಯೆಹೋವನ ಸಾಕ್ಷಿಗಳು, ಅಂತ್ಯದಿನಗಳ ಸಂತರು ಕ್ರೈಸ್ತರೇ ಅಲ್ಲವೇ ಎಂಬ ವಾದದಲ್ಲಿ ಪತ್ರಿಕೆ ಪಂಚಾಯಿತಿ ಮಾಡಬೇಕಿಲ್ಲ. ಅವರು ತಮ್ಮನ್ನು ಕ್ರೈಸ್ತರೆನ್ನುತ್ತಾರೆ. ನೈಸೀಯದ ತ್ರಿತ್ವವನ್ನು ಒಪ್ಪುವುದಿಲ್ಲ. ವ್ಯಾಟಿಕನ್ 2001ರಲ್ಲಿ ಅಂತ್ಯದಿನಗಳ ಸಂತರ ದೀಕ್ಷಾಸ್ನಾನ ಸಿಂಧುವಲ್ಲ ಎಂದಿತು. ಇಷ್ಟನ್ನು ಬರೆದರೆ ಉಳಿದದ್ದನ್ನು ಓದುಗರು ನೋಡಿಕೊಳ್ಳುತ್ತಾರೆ.

‘ಕ್ರಿಶ್ಚಿಯನ್ ಸೈಂಟಿಸ್ಟ್’ ಎಂದಿದ್ದರೆ ‘ಕ್ರೈಸ್ತ ವಿಜ್ಞಾನಿ’ ಎಂದು ಅನುವಾದಿಸಬೇಡಿ. ಅದು 1879ರಲ್ಲಿ ಮೇರಿ ಬೇಕರ್ ಎಡ್ಡಿ ಸ್ಥಾಪಿಸಿದ, ರೋಗಕ್ಕೆ ಪ್ರಾರ್ಥನೆಯನ್ನೇ ನೆಚ್ಚುವ ಸಭೆಯ ಸದಸ್ಯರು. ಅದಕ್ಕೂ ಎಲ್. ರಾನ್ ಹಬರ್ಡ್‌ನ ಸೈಂಟಾಲಜಿಗೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ಸಂಬಂಧವಿಲ್ಲ. ಸಾಲ್ವೇಶನ್ ಆರ್ಮಿಯ ‘ಜನರಲ್’, ‘ಕ್ಯಾಪ್ಟನ್’ ಸೈನಿಕರಲ್ಲ, ಆ ಸಭೆಯ ಬೋಧಕರು.

ಮತ್ತೆ ‘ಪೋಪ್’. ಈ ಬಿರುದು ರೋಮಿನ ಬಿಷಪ್ಪರೊಬ್ಬರದೇ ಅಲ್ಲ, ಅಲೆಕ್ಸಾಂಡ್ರಿಯದ ಕಾಪ್ಟಿಕ್ ಸಭೆಯ ಮುಖ್ಯಸ್ಥರೂ ಪೋಪ್ ಎಂದೇ ಕರೆಸಿಕೊಳ್ಳುತ್ತಾರೆ. 2013ರ ಮೇ 10ರಂದು ವ್ಯಾಟಿಕನ್ನಿನಲ್ಲಿ 2ನೆಯ ತವಾಡ್ರೋಸ್ ಅವರು ಫ್ರಾನ್ಸಿಸ್ ಅವರನ್ನು ಕಂಡಾಗ, ಪೋಪ್ ಅವರನ್ನು ಪೋಪ್ ಅವರೇ ಭೇಟಿಯಾದರು ಎಂದು ಬರೆದರೂ ತಪ್ಪಾಗುತ್ತಿರಲಿಲ್ಲ. ಅಂಥ ಕಾಪಿ ಮುಂದೆ ಬಂದರೆ ಪುನರುಕ್ತಿಯೆಂದು ಒಂದು ‘ಪೋಪ್’ ಹೊಡೆದುಹಾಕಬೇಡಿ. ಎರಡರ ಹಿಂದೆಯೂ ಊರಿನ ಹೆಸರು ಸೇರಿಸಿ.

ಇಂತಿ,
ಧರ್ಮಗಳ ಅಧ್ಯಯನ ಮತ್ತು ಅನುವಾದದಲ್ಲಿ ತೊಡಗಿರುವ ಕೆಲವು ಓದುಗರು